ಪ್ಲಾಸ್ಟಿಕ್ ಹುಲ್ಲು ಉಳಿಸಿದ ಹಾವಸೆ

“ಬ್ರಶ್ ಕೆಳಗಿಡಿ ಮಾರಾಯ್ರೆ, ಮೊದಲು ಇದನ್ನು ನೋಡಿ,” ಎಂದು ಎರಡನೇ ಮಹಡಿಯ ನಿವೃತ್ತ ಸಸ್ಯಶಾಸ್ತ್ರ ಟೀಚರ್ ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ಅತ್ತಾವರದ ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯಾದ ನಾನು ಆಗ ಒಂದು ಮಹತ್ಕಾರ್ಯದಲ್ಲಿದ್ದೆ. ಕಾಂಪೌಂಡಿನ ಕೆಂಪುಕಲ್ಲಿನ ಗೋಡೆಗೆ ಬ್ಲೀಚಿಂಗ್ ಪೌಡರ್ ಹಾಕಿ ಹಾವಸೆ ಉಜ್ಜುತ್ತಿದ್ದೆ. ಅಲ್ಲಿ ‘ಹಸಿರು ಗೋಡೆ’ ಮಾಡಬೇಕೆಂದು ಸಭೆ ಒಮ್ಮತದಿಂದ ತೀರ್ಮಾನಿಸಿತ್ತು. ಪ್ಲಾಸ್ಟಿಕ್ ಹುಲ್ಲಿನ ಸುರುಳಿಗಳೂ ಬಂದಿದ್ದವು.

ಬಗ್ಗಿ ನೋಡಿದೆ. ನೂಲಿನಂಥ ಕಾಂಡ ಕಲ್ಲಿಗೆ ಅಂಟಿಕೊಂಡು ಹರಿದಿತ್ತು. ಎರಡೂ ಬದಿಗೆ ಹಕ್ಕಿಗರಿಯಂತೆ ಕವಲುಗಳು, ಅವುಗಳ ತುಂಬ ಚೂಪು ತುದಿಯ ಎಲೆಗಳು. ಕೆಂಪು ಕಡ್ಡಿಯೊಂದರ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬೀಜಕದ ಚೀಲ, ಟೊಪ್ಪಿ ಹಾಕಿಕೊಂಡು ಬಾಗಿ ನಿಂತಿತ್ತು. ಅಲ್ಲಿಯವರೆಗೆ ಹಾವಸೆಯೆಂದರೆ ಕಾಲು ಜಾರಿಸುವ ವಸ್ತುವೆಂದಷ್ಟೇ ನಾನು ತಿಳಿದಿದ್ದೆ.

“ಇದು ಕಾಡಿನಲ್ಲಿ ಮರದ ಬುಡಕ್ಕೆ ಹಬ್ಬುವ ಜಾತಿ. ಇದಕ್ಕೆ ಸರಿಯಾದ ಬೇರು ಸಹ ಇಲ್ಲ, ನಿಮ್ಮ ಗೋಡೆಗೆ ಎಂತದೂ ಆಗುವುದಿಲ್ಲ,” ಎಂದರು ಟೀಚರ್.

“ಚಂದ ಉಂಟು ಟೀಚರ್. ಆದರೆ ಮೀಟಿಂಗಿನಲ್ಲಿ ಪಾಸಾಗಿದೆ ಅಲ್ವಾ?” ಎಂದು ಹೇಳಿ ಭೂತಗನ್ನಡಿ ಮರಳಿಸಿ, ಉಜ್ಜುವುದನ್ನು ಮುಂದುವರಿಸಿದೆ. ಅವರು ಮೆಟ್ಟಿಲು ಹತ್ತಿ ಹೋದರು.

ಎರಡು ಮಳೆಗಾಲ ಕಳೆದಿದೆ. ಈಗ ಹಾವಸೆ ಗೋಡೆಗೆ ಹೊದಿಸಿದ ಪ್ಲಾಸ್ಟಿಕ್ ಹುಲ್ಲಿನ ಮೇಲೆಯೇ ಹಬ್ಬಿದೆ. ಬ್ಲೀಚಿಂಗ್ ಹಾಕಿದರೆ ಹುಲ್ಲಿನ ಬಣ್ಣ ಹೋಗುತ್ತದಂತೆ. ಹಾಗಾಗಿ ಯಾರೂ ಹಾವಸೆಯನ್ನು ಮುಟ್ಟಬಾರದೆಂದು ಸಭೆ ಮತ್ತೆ ಒಮ್ಮತದಿಂದ ತೀರ್ಮಾನಿಸಿದೆ. ನಕಲಿ ಹಸಿರು ಕೆಡಬಾರದೆಂದು ಅಸಲಿ ಹಸಿರಿಗೆ ಜೀವದಾನ ಕೊಟ್ಟ ಆ ತೀರ್ಮಾನದ ಕೆಳಗೆ ನನ್ನದೇ ಸಹಿ ಇದೆ.