ನೀರಿನಲ್ಲಿ ಅಲುಗದೆ ಮಲಗುವ ಸರಸಮ್ಮ

ಬೆಳಗಿನ ಆರೂಕಾಲು. ರಾಮನಗರದಿಂದ ಕೈಲಾಂಚದ ಕಡೆಗೆ ಹೋಗುವ ರಸ್ತೆ ಬದಿಯ ಸಣ್ಣ ಕಾರ್ಖಾನೆಯೊಂದರ ಹಿತ್ತಿಲಲ್ಲಿ, ಸಿಮೆಂಟ್ ತೊಟ್ಟಿಯ ಅಂಚಿನ ಮೇಲೆ ಸರಸಮ್ಮ ಕೂತಿದ್ದಾರೆ. ಗಂಡನ ಹಳೆಯ ತುಂಬುತೋಳಿನ ಅಂಗಿ, ಚೂಡಿದಾರದ ಪ್ಯಾಂಟು, ಅಂಗಿಯ ಮೇಲೆ ಇನ್ನೂ ಹೊಸ ಬಟ್ಟೆಯ ವಾಸನೆ ಹೋಗದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಬಲಗಿವಿಯಲ್ಲಿ ಎಣ್ಣೆಯಲ್ಲಿ ಅದ್ದಿದ ಹತ್ತಿ. ಹಳೆ ಸೀರೆಯ ಅಂಚಿನಿಂದ ತಮ್ಮ ಎರಡೂ ಕಾಲುಗಳನ್ನು ಜೋಡಿಸಿ ಕಟ್ಟಿಕೊಳ್ಳುತ್ತಿದ್ದಾರೆ.

ಪಕ್ಕದಲ್ಲಿ ಉದ್ದನೆಯ ಬಿದಿರು ಕೋಲು ಹಿಡಿದು ನಿಂತಿರುವ ಖುರ್ಷಿದಾ ಕೇಳುತ್ತಾರೆ, “ನೀರು ಹೆಂಗಿದೆ ಅಕ್ಕಾ?”

“ನಿಮ್ಮತ್ತೆ ಮಾತ್ನಂಗೈತೆ. ಮೇಲೆ ಬೆಚ್ಗೆ, ಒಳಗೋದ್ಮೇಲೆ ಕೊರೀತದೆ.”

“ನಮ್ಮತ್ತೆ ಸತ್ತು ಎಂಟು ವರ್ಷ ಆಯ್ತು, ಅವರನ್ನ ಬಿಡಿ ಪಾಪ. ಇಳೀರಿ.”

ಸರಸಮ್ಮ ಉಸಿರು ಎಳೆದುಕೊಂಡು ನೀರಿಗೆ ಜಾರುತ್ತಾರೆ, ಮುಖ ಕೆಳಗೆ ಮಾಡಿ ಬೋರಲು ಬೀಳುತ್ತಾರೆ. ಕೈ ಸಡಿಲ, ಕುತ್ತಿಗೆ ಸಡಿಲ. ಖುರ್ಷಿದಾ ಜೋರಾಗಿ ಎಣಿಸುತ್ತಾರೆ, “ಏಕ್, ದೋ, ತೀನ್...” ನಾಲ್ಕಕ್ಕೆ ಜಾಕೆಟ್ಟಿನ ಎದೆಭಾಗ ಮೇಲೇಳುತ್ತದೆ, ದೇಹ ತಾನಾಗಿಯೇ ಮಗ್ಗುಲಾಗಿ ಹೊರಳುತ್ತದೆ, ಸರಸಮ್ಮನ ಮುಖ ಆಕಾಶಕ್ಕೆ ತೆರೆದುಕೊಳ್ಳುತ್ತದೆ. ಕಣ್ಣು ಮುಚ್ಚಿಯೇ ಇದೆ. ಖುರ್ಷಿದಾ “ಪಾಸ್” ಎಂದ ಮೇಲೆ ಉಸಿರು ಬಿಡುತ್ತಾರೆ.

ನಲವತ್ತೇಳು ವರ್ಷದ ಸರಸಮ್ಮನ ಕೆಲಸ ಇದು. ಇಲ್ಲಿ ಹೊಲಿದ ಜಾಕೆಟ್‌ಗಳು ಕರಾವಳಿಗೆ ಹೋಗುತ್ತವೆ. ದೋಣಿ ವಿಹಾರದವರಿಗೆ, ದೋಣಿಗೆ ಕಟ್ಟಿದ ಪ್ಯಾರಾಚೂಟಿನಲ್ಲಿ ಹಾರುವವರಿಗೆ, ಹಲಗೆಯ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಕಲಿಸುವ ಶಾಲೆಗಳಿಗೆ. ಪ್ರಜ್ಞೆ ಇರುವವರು ಹೇಗೋ ಮುಖವನ್ನು ನೀರಿನ ಮೇಲೆ ಇಟ್ಟುಕೊಳ್ಳುತ್ತಾರೆ. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವರನ್ನು ಜಾಕೆಟ್ಟೇ ಹೊರಳಿಸಿ ಮುಖ ಮೇಲೆ ಮಾಡಬೇಕು. ಅದಕ್ಕಾಗಿ ಎದೆಯ ಕಡೆ ಫೋಮು ದಪ್ಪ, ಬೆನ್ನಿನ ಕಡೆ ತೆಳು, ತಲೆಯ ಹಿಂದೆ ಪುಟ್ಟ ದಿಂಬು. ಈ ಹದ ಒಂದಿಷ್ಟು ತಪ್ಪಿದರೂ ಜಾಕೆಟ್ ತೇಲುತ್ತದೆ, ತೊಟ್ಟವರು ಮಾತ್ರ ಬೋರಲಾಗಿಯೇ ಉಳಿಯುತ್ತಾರೆ. ಹಾಗಾಗಿ ಪ್ರತಿ ಐವತ್ತು ಜಾಕೆಟ್‌ಗಳ ಕಟ್ಟಿನಿಂದ ಮೂರನ್ನು ತೆಗೆದು, ಒಬ್ಬರು ತೊಟ್ಟು, ಎಚ್ಚರ ತಪ್ಪಿದವರಂತೆ ನೀರಿಗೆ ಬೀಳಬೇಕು. ದಿನಕ್ಕೆ ಹನ್ನೆರಡು ಸಲ, ಕೆಲವೊಮ್ಮೆ ಹದಿನೈದು. ಆರು ವರ್ಷಗಳಲ್ಲಿ ಸರಸಮ್ಮ ಹೀಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಬಿದ್ದಿದ್ದಾರೆ.

“ಸಮುದ್ರದೋರ ಫೋಟೋ ಆಫೀಸಲ್ಲಿ ಐತೆ, ನೋಡಿವ್ನಿ,” ಎನ್ನುತ್ತಾರೆ, ತಲೆಗೆ ಟವೆಲ್ ಸುತ್ತಿಕೊಳ್ಳುತ್ತ. “ಹಲಗೆ ಮೇಲಿಂದ ಬಿದ್ರೂ ನಗ್ತಾ ಬೀಳ್ತಾರೆ. ಅವ್ರು ನಗ್ತಾ ಬೀಳ್ಬೇಕು ಅಂದ್ರೆ ಇಲ್ಲಿ ಒಬ್ರು ನಗ್ದಂಗೆ ಬೀಳ್ಬೇಕಲ್ಲ.”

ಕಾರ್ಖಾನೆ ಇರುವ ಈ ಜಾಗ ಹತ್ತು ವರ್ಷದ ಹಿಂದೆ ಹಿಪ್ಪುನೇರಳೆ ತೋಟ. ಸೊಪ್ಪಿಗೆ ನೀರು ಬಿಡಲು ಕಟ್ಟಿಸಿದ್ದ ತೊಟ್ಟಿಯೇ ಈಗ ಪರೀಕ್ಷೆಯ ತೊಟ್ಟಿ. ರೇಷ್ಮೆ ನೂಲು ಬಿಚ್ಚಿಸುವ ಘಟಕ ನಡೆಸುತ್ತಿದ್ದ ಮುಕ್ತಿಯಾರ್ ಅವರು ಚೀನಾದ ನೂಲಿನ ಮುಂದೆ ನಿಲ್ಲಲಾಗದೆ, ಆರು ವರ್ಷದ ಹಿಂದೆ, ೨೦೦೩ರಲ್ಲಿ, ಜಾಕೆಟ್ ಹೊಲಿಸಲು ಶುರು ಮಾಡಿದರು. ಖುರ್ಷಿದಾ ಮೊದಲು ಅವರಲ್ಲೇ ಬಿಸಿನೀರಿನಲ್ಲಿ ಗೂಡು ಆಡಿಸಿ ಎಳೆ ಹಿಡಿಯುತ್ತಿದ್ದವರು. ಈಜು ಬರುವ ಹೆಂಗಸು ಬೇಕೆಂದು ಮುಕ್ತಿಯಾರ್ ಹುಡುಕಿದಾಗ ಸುತ್ತಲಿನ ಊರುಗಳಲ್ಲಿ ಸಿಕ್ಕಿದ್ದು ಸರಸಮ್ಮ ಒಬ್ಬರೇ.

ಅವರು ಈಜು ಕಲಿತದ್ದು ಕುರಿಗಳಿಂದ. ತಂದೆ ಬೀರಲಿಂಗಯ್ಯನವರ ಹಿಂಡಿನಲ್ಲಿ ನಲವತ್ತು ಕುರಿ. ಉಣ್ಣೆ ಕತ್ತರಿಸುವ ಮುಂಚೆ ಅವನ್ನು ಊರ ಕಟ್ಟೆಗೆ ಇಳಿಸಿ ತೊಳೆಯಬೇಕಿತ್ತು. ಗಂಡುಮಕ್ಕಳಿಲ್ಲದ ಮನೆ, ಒಂಬತ್ತು ವರ್ಷದ ಸರಸಮ್ಮನೇ ನೀರಿಗಿಳಿದರು. “ಉಣ್ಣೆ ನೆಂದ್ರೆ ಕುರಿ ಕಲ್ಲಾಗ್ಬುಡ್ತದೆ. ಗದ್ದ ಒಂದು ಎತ್ತಿ ಹಿಡಿದ್ರೆ ಸಾಕು, ಮಿಕ್ಕಿದ್ದು ಅದೇ ಬತ್ತದೆ ಅನ್ನೋನು ನಮ್ಮಪ್ಪ. ಒಂದಿನಾನೂ ಒಂದು ಕುರಿ ಮುಳುಗ್ಲಿಲ್ಲ,” ಎನ್ನುವಾಗ ಅವರ ಕೈ ಗಾಳಿಯಲ್ಲಿ ಯಾವುದೋ ಗದ್ದವನ್ನು ಎತ್ತಿ ಹಿಡಿದಿರುತ್ತದೆ.

ಅತ್ತೆಮನೆಯಲ್ಲಿ ಈ ಕೆಲಸದ ಸುದ್ದಿ ತಿಳಿದಾಗ ಹಿರಿಯರಿಗೆ ಸಹಿಸಲಾಗಲಿಲ್ಲ. ಮುತ್ತೈದೆ ದಿನಾ ಹೆಣದ ಹಾಗೆ ಬಿದ್ದುಕೊಳ್ಳುವುದೇ? ಹಬ್ಬದ ದಿನ ದೀಪ ಹಚ್ಚುವ ಮೊದಲು ತಲೆಗೆ ಸ್ನಾನ ಮಾಡು ಎಂದು ಅತ್ತೆ ತಾಕೀತು ಮಾಡಿದರಂತೆ. “ಬೆಳಗಿಂದ ಹನ್ನೆರಡು ಸಲ ಮುಳುಗೆದ್ದು ಬಂದಿವ್ನಿ ಕಣತ್ತೆ, ಹದಿಮೂರನೇದು ನೀವೇ ಮಾಡ್ಸಿ ಅಂದೆ. ಅವತ್ತಿಂದ ಬಾಯ್ಬುಡ್ಲಿಲ್ಲ.” ಲಗೇಜ್ ಆಟೋ ಓಡಿಸುವ ಪತಿ ಮುತ್ತುರಾಜು ಪರವೂ ಆಡಲಿಲ್ಲ, ವಿರೋಧವೂ ಆಡಲಿಲ್ಲ. ಹಳೆಯ ಅಂಗಿಗಳನ್ನು ಮಾತ್ರ ಎತ್ತಿಟ್ಟು ಕೊಡುತ್ತಾರೆ.

ನೀರಿನಲ್ಲಿ ಬಿದ್ದಿರುವಾಗ ಏನು ಯೋಚಿಸುತ್ತೀರಿ ಎಂದು ಕೇಳಿದರೆ ಸರಸಮ್ಮ ತಮ್ಮ ಎರಡೂ ಕೈ ಮುಂದಕ್ಕೆ ಚಾಚಿ ತೋರಿಸುತ್ತಾರೆ. “ಮನೇಲಿ ಕೂತ್ರೂ ಕೈ ಸುಮ್ಕಿರಲ್ಲ. ಸೊಪ್ಪು ಸೋಸು, ಪಾತ್ರೆ ಬೆಳಗು. ನಿದ್ದೇಲೂ ಕೈ ಆಡ್ತದಂತೆ, ಇವ್ರು ಹೇಳ್ತಾರೆ. ಇಲ್ಲಿ ಏನೂ ಮಾಡ್ದೆ ಇರೋದೇ ಕೆಲ್ಸ. ಯೋಚ್ನೆ ಮಾಡುದ್ರೂ ಕಾಲು ಅಲ್ಲಾಡ್ಬುಡ್ತದೆ ಕಣಮ್ಮ.”

ಕಾಲಿನ ಮಾತು ಬಂದಾಗ ಅವರ ದನಿ ಇಳಿಯುತ್ತದೆ.

೨೦೦೬ರ ಡಿಸೆಂಬರಿನಲ್ಲಿ ಕರಾವಳಿಯ ಒಂದು ಸರ್ಫಿಂಗ್ ಶಾಲೆಯ ತರಬೇತುದಾರ ಬಸ್ಸು ಹತ್ತಿ ಇಲ್ಲಿಗೆ ಬಂದ. ಕೈಯಲ್ಲಿ ಇವರೇ ಹೊಲಿದ ಜಾಕೆಟ್. ಪ್ರವಾಸಕ್ಕೆ ಬಂದಿದ್ದ ಒಬ್ಬ ಹೆಂಗಸಿನ ತಲೆಗೆ ಅವಳದೇ ಹಲಗೆ ಬಡಿದು ಎಚ್ಚರ ತಪ್ಪಿತ್ತು. “ಜಾಕೆಟ್ ಮುಳುಗಲಿಲ್ಲ ಮಾರಾಯ್ರೇ,” ಎಂದು ಆತ ಮುಕ್ತಿಯಾರ್ ಎದುರು ಅದನ್ನು ಇಟ್ಟ. “ಆದರೆ ಅವರು ಬೋರಲಾಗಿಯೇ ಇದ್ರು. ನಾವು ಈಜಿ ಹೋಗಿ ತಿರುಗಿಸಬೇಕಾಯ್ತು.” ಆಕೆ ಬದುಕಿಕೊಂಡಳು. ಮಾತು ಮಾತ್ರ ಮೊದಲಿನ ಹಾಗೆ ಬರಲಿಲ್ಲ.

ಆ ಕಟ್ಟನ್ನು ಪಾಸು ಮಾಡಿದವರು ಸರಸಮ್ಮ. ಅವರು ಅದೇ ಜಾಕೆಟ್ ತೊಟ್ಟು ಎಲ್ಲರ ಎದುರು ನೀರಿಗೆ ಬಿದ್ದರು. ನಾಲ್ಕು ಎಣಿಸುವಷ್ಟರಲ್ಲಿ ಮುಖ ಮೇಲೆ ಬಂತು. ನೋಡಿ, ಸರಿಯಾಗಿಯೇ ಇದೆ ಎಂದರು. ತರಬೇತುದಾರ ತಲೆಯಾಡಿಸಿದ. “ಅಕ್ಕ, ನಿಮ್ಮ ಬಲಗಾಲು ಒಮ್ಮೆ ಒದೆಯಿತು.” ಸರಸಮ್ಮ ನಂಬಲಿಲ್ಲ. ಖುರ್ಷಿದಾ ತಮ್ಮ ದುಪಟ್ಟದಿಂದ ಅವರ ಕಾಲು ಕಟ್ಟಿದರು. ಈ ಸಲ ಏಕ್, ದೋ ಎಂದು ಹತ್ತರವರೆಗೆ ಎಣಿಸಿದರೂ ಮುಖ ನೀರೊಳಗೇ ಇತ್ತು.

“ಈಜು ಬರೋರ ಕಾಲು ಅದು. ನನ್ನ ಕೇಳ್ದೆ ನನ್ನ ಉಳಿಸ್ಕೊಳ್ತಿತ್ತು,” ಎನ್ನುತ್ತಾರೆ ಸರಸಮ್ಮ. “ನಾನು ಉಳ್ಕೊಂಡೆ, ಆಯಮ್ಮನ್ ಮಾತು ಹೋಯ್ತು. ಅದ್ಕೂ ಮುಂಚೆ ಮೂರು ವರ್ಷ ಎಷ್ಟು ಜಾಕೆಟ್ಟು ಸುಳ್ಳಾಡಿ ಕಳಿಸಿವ್ನೋ ಯಾರಿಗ್ ಗೊತ್ತು?”

ಮುಕ್ತಿಯಾರ್ ಹಳೆಯ ಗಿರಾಕಿಗಳಿಗೆಲ್ಲ ಕಾಗದ ಬರೆದು ಜಾಕೆಟ್ ವಾಪಸು ತರಿಸಿಕೊಂಡರು. ಬಂದದ್ದು ಅರ್ಧಕ್ಕಿಂತ ಕಡಿಮೆ. ಆ ದಿನದಿಂದ ಸರಸಮ್ಮ ಕಾಲು ಕಟ್ಟಿಕೊಳ್ಳದೆ ನೀರಿಗಿಳಿದಿಲ್ಲ. ಹತ್ತು ಎಣಿಸಿದರೂ ಮುಖ ಬಾರದಿದ್ದರೆ ಖುರ್ಷಿದಾ ಕೋಲಿನ ಕೊಕ್ಕೆಯಿಂದ ಜಾಕೆಟ್ ಹಿಡಿದು ತಿರುಗಿಸುತ್ತಾರೆ. ಐವತ್ತು ಜಾಕೆಟ್‌ಗಳ ಹೊಲಿಗೆ ಬಿಚ್ಚಬೇಕಾಗುತ್ತದೆ.

ಈಗ ಆ ನೀರೇ ಅವರಿಗೆ ಮುಳುವಾಗಿದೆ. ಬಲಗಿವಿಯ ತಮಟೆ ತೂತಾಗಿ ವರ್ಷದಿಂದ ಕೀವು ಸೋರುತ್ತಿದೆ. ಎಡಗಿವಿಯೂ ಮಂದ. ಇನ್ನು ನೀರಿಗಿಳಿದರೆ ಪೂರ್ತಿ ಕೇಳಿಸದೇ ಹೋಗುತ್ತದೆ ಎಂದು ರಾಮನಗರದ ಡಾಕ್ಟರು ಬೇಸಿಗೆಯಲ್ಲೇ ಹೇಳಿದ್ದಾರೆ. ಸರಸಮ್ಮ ಇಳಿಯುತ್ತಲೇ ಇದ್ದಾರೆ. ತಮ್ಮ ಜಾಗಕ್ಕೆ ನಂಬಿಕೆಯ ಇನ್ನೊಂದು ಮೈ ಸಿಗುವವರೆಗೆ ನಿಲ್ಲಿಸುವುದಿಲ್ಲ ಎಂಬುದು ಅವರ ಹಟ.

“ಬೇಡ ಅಕ್ಕ, ಬಿಟ್ಟುಬಿಡಿ,” ಎಂದು ಮುಕ್ತಿಯಾರ್ ನಮ್ಮೆದುರೇ ಮತ್ತೊಮ್ಮೆ ಹೇಳುತ್ತಾರೆ. “ಕಬ್ಬಿಣದ ತೂಕ ಕಟ್ಟಿ ತೇಲಿಸಿ ನೋಡೋಣ. ಎಷ್ಟೋ ಕಡೆ ಅಷ್ಟೇ ಮಾಡೋದು.”

“ಕಬ್ಬಿಣಕ್ಕೆ ಮೂಗೈತಾ ಸಾಬ್ರೇ?”

“ಮೂಗಿಲ್ಲ. ಆದ್ರೆ ಅದಕ್ಕೆ ಕಿವೀನೂ ಹೋಗಲ್ಲವಲ್ಲ.”

ಮರಳು ತುಂಬಿದ ಚೀಲದ ಬೊಂಬೆಯನ್ನೂ ಅವರು ಮಾಡಿಸಿ ನೋಡಿದ್ದರು. ಮೊದಲ ದಿನವೇ ಅದರ ಕುತ್ತಿಗೆ ಕಿತ್ತು ಬಂತು. ಪರದೇಶದ ಬೊಂಬೆಯ ಬೆಲೆಗೆ ಈ ಕಾರ್ಖಾನೆಯನ್ನೇ ಮಾರಬೇಕು. ಸರಸಮ್ಮ ಭಾನುವಾರಗಳಲ್ಲಿ ಊರೂರು ತಿರುಗಿದರು. ಬಾವಿಗಳು ಬತ್ತಿ ಕೊಳವೆಬಾವಿ ಬಂದ ಮೇಲೆ ಹುಟ್ಟಿದ ಹೆಣ್ಣುಮಕ್ಕಳಿಗೆ ಈಜೇ ಗೊತ್ತಿಲ್ಲ. ಕಡೆಗೆ ಪಟ್ಟಣದಲ್ಲಿ ಈಜು ಕಲಿತ ಒಬ್ಬಳು ಸಿಕ್ಕಳು. ಅವಳ ಕಾಲು ಕಟ್ಟಿದರೆ ಕೈ ಆಡಿತು, ಕೈ ಕಟ್ಟಿದರೆ ಕುತ್ತಿಗೆ ಆಡಿತು.

ಹಾಗೆ ನಾಲ್ಕು ತಿಂಗಳು ಕಳೆದ ಮೇಲೆ ಒಂದು ಸಂಜೆ, ಅಂಗಳದಲ್ಲಿ ಹಿಂದೆ ಬರುತ್ತಿದ್ದ ಲಾರಿಯ ಹಾರ್ನು ಸರಸಮ್ಮನಿಗೆ ಕೇಳಿಸಲಿಲ್ಲ. ಜಾಕೆಟ್ಟಿಗೆ ಪಟ್ಟಿ ಹೊಲಿಯುವ ಭಾನುಪ್ರಿಯ ಓಡಿಬಂದು ರಟ್ಟೆ ಹಿಡಿದು ಎಳೆದಳು. ಕುದೂರಿನಿಂದ ಮದುವೆಯಾಗಿ ಈ ಕಡೆಗೆ ಬಂದ ಇಪ್ಪತ್ಮೂರರ ಹುಡುಗಿ. ಮಾರನೆಯ ದಿನ ಅವಳೇ ಬಂದು ಕೇಳಿದಳು, “ಅಕ್ಕ, ನಾನ್ ಇಳೀಲಾ?”

“ಈಜು ಬತ್ತದಾ?”

“ಬಿಂದಿಗೇಗಿಂತ ಜಾಸ್ತಿ ನೀರೇ ನೋಡಿಲ್ಲ ಅಕ್ಕ. ಕಂಡ್ರೆ ಭಯ.”

ಸರಸಮ್ಮ ಬೈದು ಕಳಿಸಿದರು. ಆ ರಾತ್ರಿ ಮಲಗಿದಾಗ ಮತ್ತೆ ಅದೇ ನೆನಪಾಯಿತಂತೆ. ಈಜೇ ಬಾರದ ಕಾಲು ಏನೆಂದು ಸುಳ್ಳಾಡೀತು? ಮೂರು ವಾರ ಅವಳನ್ನು ತೊಟ್ಟಿಯ ಮೆಟ್ಟಿಲ ಮೇಲೆ ಸೊಂಟದ ನೀರಿನಲ್ಲಿ ನಿಲ್ಲಿಸಿದರು. ಮುಖ ಅದ್ದಿಸಿದರು. ಒಳ್ಳೆಯದೆಂದು ಗೊತ್ತಿರುವ ಜಾಕೆಟ್ ತೊಡಿಸಿ, ತಾವೇ ಕೆಳಗೆ ಕೈಯಿಟ್ಟು ತೇಲಿಸಿದರು. ಈಜು ಬಾರದವಳ ಕಾಲು ಕಟ್ಟುವುದಕ್ಕೆ ಮಾತ್ರ ಒಪ್ಪಲಿಲ್ಲ. “ನಾನಾದ್ರೆ ಬಿಚ್ಕೊಂಡು ಎದ್ದು ಬತ್ತೀನಿ. ಅವ್ಳು ಕಟ್ಕೊಂಡು ಇಳಿಯೋದ್ ಬ್ಯಾಡ. ಅಲ್ಲಾಡುದ್ರೆ ಅಲ್ಲಾಡ್ಲಿ, ಬೇರೆಯೋರ್ನ ನೋಡುವ.”

ಇಂದಿನ ಮೊದಲ ಕಟ್ಟು ಸರಸಮ್ಮನದು. ಎರಡನೆಯದು ಭಾನುಪ್ರಿಯಳದು, ಪರೀಕ್ಷೆಯಾಗದ ಹೊಸ ಜಾಕೆಟ್‌ನಲ್ಲಿ ಅವಳ ಮೊದಲ ದಿನ. ಸರಸಮ್ಮ ಖುರ್ಷಿದಾರಿಂದ ಕೋಲು ತೆಗೆದುಕೊಂಡು ಅಂಚಿಗೆ ಬರುತ್ತಾರೆ, ಎಡಗಿವಿ ಖುರ್ಷಿದಾರ ಕಡೆಗೆ ತಿರುಗಿಸಿಕೊಂಡು. ಭಾನುಪ್ರಿಯ ಕುಂಕುಮ ಒರೆಸಿಕೊಳ್ಳುತ್ತಾಳೆ, ತಾಳಿಯನ್ನು ಅಂಗಿಯೊಳಗೆ ಹಾಕಿಕೊಳ್ಳುತ್ತಾಳೆ, ಮುಂದಕ್ಕೆ ಬೀಳುತ್ತಾಳೆ.

“ಏಕ್, ದೋ, ತೀನ್, ಚಾರ್, ಪಾಂಚ್.”

ಮುಖ ಮೇಲೆ ಬರುವುದಿಲ್ಲ. ಕಿತ್ತಳೆ ಬಣ್ಣದ ಬೆನ್ನಷ್ಟೇ ಕಾಣುತ್ತದೆ, ಜಡೆ ಬದಿಗೆ ತೇಲುತ್ತದೆ. “ಛಹ್, ಸಾತ್...” ಎಣಿಸುತ್ತಲೇ ಖುರ್ಷಿದಾ ಅಂಚಿಗೆ ಬಾಗುತ್ತಾರೆ. ಸರಸಮ್ಮನ ಕಣ್ಣು ಹುಡುಗಿಯ ಪಾದಗಳ ಮೇಲಿದೆ. ಕೋಲು ನೀರಿನ ಮೇಲೆಯೇ ಇದೆ. “ಆಠ್, ನೌ, ದಸ್!” ಕೊಕ್ಕೆ ಜಾಕೆಟ್ಟಿಗೆ ಬೀಳುತ್ತದೆ, ದೇಹ ತಿರುಗುತ್ತದೆ, ಭಾನುಪ್ರಿಯ ಕೆಮ್ಮುತ್ತ ಅಂಚು ಹಿಡಿಯುತ್ತಾಳೆ. ತುಟಿ ನೀಲಿಯಾಗಿದೆ.

“ಫೇಲು ಅಕ್ಕ,” ಎನ್ನುತ್ತಾಳೆ, ಮೂಗಿನಿಂದ ನೀರು ಇಳಿಯುತ್ತಿರುವಾಗಲೇ. “ಇದು ತಿರುಗ್ಸಲ್ಲ.”

“ಹೆದ್ರಿಕೆ ಆಗ್ಲಿಲ್ವಾ?”

“ಆಯ್ತು. ಮನ್ಸಲ್ಲೇ ಒದ್ದಾಡ್ಕೊಂಡೆ. ಕಾಲಲ್ಲಿ ಒದ್ದಾಡ್ಲಿಲ್ಲ.”

ಸರಸಮ್ಮ ಟವೆಲ್ ಕೊಡುತ್ತಾರೆ. ಐವತ್ತು ಜಾಕೆಟ್ ಬಿಚ್ಚಬೇಕೆಂಬ ಸುದ್ದಿ ಒಳಗೆ ಹೋಗಿ ಹೊಲಿಗೆಯವರ ಗೊಣಗಾಟ ಹೊರಗೆ ಕೇಳುತ್ತದೆ. ಬೆನ್ನಿನ ಫೋಮಿನ ಹಾಳೆ ಹೆಚ್ಚು ದಪ್ಪ ಬಂದಿದೆ ಎಂದು ಮುಕ್ತಿಯಾರ್ ಅಳೆದು ನೋಡಿ ಒಪ್ಪಿಕೊಳ್ಳುತ್ತಾರೆ. ಮೂರನೆಯ ಕಟ್ಟಿನ ಜಾಕೆಟ್ ಹೊರಗೆ ಬಂದಾಗ ಅದನ್ನು ಅಭ್ಯಾಸಬಲದಿಂದ ಸರಸಮ್ಮನ ಕಡೆಗೆ ಚಾಚುತ್ತಾರೆ.

“ನಂಗ್ಯಾಕ್ ಕೊಡ್ತೀರಿ ಸಾಬ್ರೇ? ಅವ್ಳಿಗ್ ಕೊಡಿ. ಒಸಿ ಸುಧಾರಿಸ್ಕೊಂಡು ಇಳೀತಾಳೆ. ನಾನಿನ್ನು ಕೋಲು ಹಿಡ್ಕೋತೀನಿ.”

ಮುಕ್ತಿಯಾರ್ ಜಾಕೆಟ್ ಹಿಡಿದು ನಿಂತೇ ಇದ್ದಾರೆ. ಸರಸಮ್ಮ ನಮ್ಮ ಕಡೆ ತಿರುಗಿ, ಕಿವಿ ಮಂದವಾದವರು ಮಾತಾಡುವ ಹಾಗೆ ಅಗತ್ಯಕ್ಕಿಂತ ಜೋರಾಗಿ, ಅಂಗಳಕ್ಕೆಲ್ಲ ಕೇಳುವಂತೆ ಹೇಳುತ್ತಾರೆ:

“ನೋಡುದ್ರಲ್ಲಮ್ಮ? ನಾನು ಮೂರು ವರ್ಷ ಕಾಲು ಕಟ್ಕೊಂಡು ಮಾಡಿದ್ನ, ಈ ಹುಡ್ಗಿ ಬಿಚ್ಚಿದ್ ಕಾಲಲ್ಲಿ ಮಾಡ್ಬುಟ್ಲು.”