ನರಕಕ್ಕೆ ಗಡುವಿಲ್ಲವೇ?

ಮೊನ್ನೆ ಸೋಮವಾರ ಕುಂದಗೋಳದ ಚಹಾದಂಗಡಿಯಲ್ಲಿ ನಿಂತು ಅರ್ಧ ಊರನ್ನು ನರಕಕ್ಕೆ ಕಳಿಸಿದೆ.

ನಾನಾಗಿ ಅಲ್ಲ, ಪಾದ್ರಿ ಸಾಹೇಬರ ದನಿಯಲ್ಲಿ. (ನನ್ನ ಸ್ವಂತ ದನಿಗೆ ನಮ್ಮ ಮನೆಯ ಎಮ್ಮೆಯೂ ಎದ್ದು ನಿಲ್ಲುವುದಿಲ್ಲ.) ಸಂಗೀತದ ಊರಿನಲ್ಲಿ ಹುಟ್ಟಿಯೂ ಸುರ ಹತ್ತದವನು ನಾನೊಬ್ಬನೇ. ಅದಕ್ಕೇ ಮಂದಿಯ ದನಿ ಕದಿಯುವ ಉದ್ಯೋಗ ಹಿಡಿದೆ. ಬಸ್ ಕಂಡಕ್ಟರು, ಭಾಷಣದ ಪುಢಾರಿ, ನಮ್ಮ ಸೋದರತ್ತೆ, ಯಾರನ್ನೂ ಬಿಟ್ಟಿಲ್ಲ. ಹಿಂದಿನ ದಿನ ರವಿವಾರ, ಹೊಸ ಸರಕು ಸಿಕ್ಕೀತೆಂದು ಊರಿನ ಸಣ್ಣ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಸಿಕ್ಕಿತು. ಭರ್ಜರಿ ಸರಕು! ಪಾದ್ರಿ ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: "ದೇವರನ್ನು ಬಿಟ್ಟು ಸತ್ತವನಿಗೆ ನಿತ್ಯ ಬೆಂಕಿ. ನೂರು ವರ್ಷವಲ್ಲ, ಸಾವಿರ ವರ್ಷವಲ್ಲ. ನಿತ್ಯ!" ಆ 'ನಿತ್ಯ' ಬಂದಾಗ ದನಿ ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯುತ್ತದೆ. ಚಹಾದಂಗಡಿಯಲ್ಲಿ ಅದನ್ನು ಹಾಗೆಯೇ ಇಳಿಸಿದೆ. ನಗುವ ಭರಕ್ಕೆ ಇಬ್ಬರಿಗೆ ಚಹಾ ನೆತ್ತಿಗೇರಿತು.

ರೂತಬಾಯಿಯವರೂ ಅಲ್ಲೇ ನಿಂತಿದ್ದರು. ಸರಕಾರಿ ದವಾಖಾನೆಯ ನರ್ಸು. ಚಿಕ್ಕಂದಿನಲ್ಲಿ ನನಗೆ ಸೂಜಿ ಚುಚ್ಚಿದವರು (ಎಲ್ಲಿ ಎಂದು ಕೇಳಬೇಡಿ). ಅದೇ ಚರ್ಚಿಗೆ ಹೋಗುವವರು. ಅವರೂ ನಕ್ಕರು. ಎಲ್ಲರ ನಗು ನಿಂತ ಮೇಲೆ ಹತ್ತಿರ ಬಂದು ಅಂದರು:

"ತಮ್ಮಾ, ಅದ ದನೀಲೆ ಇನ್ನೊಂದು ಮಾತು ಹೇಳಪಾ. 'ರೂತಾ, ನಿಮ್ಮಪ್ಪಗ ಮಾಫಿ ಆಗೇತಿ' ಅಂತ ಹೇಳು."

ಅವರ ಅಪ್ಪ ಈ ಮಳೆಗಾಲದಲ್ಲಿ ತೀರಿಕೊಂಡರು. ಹರೆಯದ ಮಗ ಸತ್ತಂದಿನಿಂದ ಆ ಮನುಷ್ಯ ದೇವರ ಜೊತೆ ಮಾತು ಬಿಟ್ಟಿದ್ದರು. ಚರ್ಚಿಲ್ಲ, ಪ್ರಾರ್ಥನೆಯಿಲ್ಲ. ಕೊನೆಗೆ ಹಾಸಿಗೆ ಹಿಡಿದಾಗಲೂ ಪಾದ್ರಿ ಸಾಹೇಬರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದರು. ನಾನು ಸರಕು ಎಂದುಕೊಂಡ ಆ ಬೆಂಕಿಯಲ್ಲಿ ರೂತಬಾಯಿಗೆ ಅಪ್ಪನ ಮುಖ ಕಂಡಿತ್ತು.

ಬಾಯಿ ತೆರೆದೆ. ದನಿ ಹೊರಡಲಿಲ್ಲ. ನಾನೊಂದು ಟೇಪ್ ರೆಕಾರ್ಡರ್, ತುಂಬಿಕೊಂಡದ್ದನ್ನಷ್ಟೇ ಹಾಡುತ್ತೇನೆ. ಮಾಫಿಯ ಮಾತನ್ನು ಪಾದ್ರಿ ಸಾಹೇಬರು ಆಡಿಯೇ ಇರಲಿಲ್ಲವಲ್ಲ!

"ನಡೀರಿ ಬಾಯಾರ, ಅವರನ್ನ ಕೇಳೂಣು," ಎಂದೆ.

ಮರುದಿನ ದಸರೆ. ಸಂಜೆ ಇಬ್ಬರೂ ಪಾದ್ರಿ ಸಾಹೇಬರ ಮನೆಯ ಕಟ್ಟೆಗೆ ಹೋಗಿ ಕೂತೆವು. ನಾನೇ ಶುರು ಮಾಡಿದೆ.

"ಸಾಹೇಬ್ರ, ಮನಶ್ಯಾ ಪಾಪ ಮಾಡೋದು ಭಾಳ ಅಂದ್ರ ಅರವತ್ತು ವರ್ಷ. ಶಿಕ್ಷಾ ಯಾಕ್ರಿ ಮುಗೀಲಾರದ್ದು? ನಮ್ಮ ಹಿರ್ಯಾರು ಹೇಳೋ ನರಕದಾಗೂ ಪಾಪ ತೀರಿದ ಮ್ಯಾಲ ಹೊರಗ ಬಿಡ್ತಾರಂತ."

ಅವರು ಸಿಟ್ಟಾಗಲಿಲ್ಲ. "ತಪ್ಪಿನ ತೂಕ ಯಾರಿಗೆ ಮಾಡಿದಿ ಅನ್ನೋದರ ಮ್ಯಾಲ ಇರತೈತಿ. ದೇವರಿಗೆ ಕೊನಿ ಇಲ್ಲ. ಅವನಿಗೆ ಮಾಡಿದ ದ್ರೋಹಕ್ಕೂ ಕೊನಿ ಇಲ್ಲ."

"ಅಂದ್ರ ಗೌಡರಿಗೆ ಬೈದ್ರ ದೊಡ್ಡ ದಂಡ, ಕೂಲಿಯವಗ ಬೈದ್ರ ಸಣ್ಣ ದಂಡ. ಇದು ನಮ್ಮ ಹಳೇ ಪಂಚಾಯ್ತಿನ ಆತಲ್ರಿ!"

ಗೆದ್ದೆ ಎಂದುಕೊಂಡೆ. (ನನ್ನ ಗೆಲುವುಗಳಿಗೆ ಆಯುಷ್ಯ ಕಡಿಮೆ.)

"ವರದಕ್ಷಿಣಿ ಆಸೇಕ್ಕ ಸೊಸೀನ್ನ ಸುಟ್ಟು, ಸ್ಟೋವ್ ಸಿಡೀತು ಅಂತ ಹೇಳಿ ಕೋರ್ಟಿನಾಗ ಪಾರಾದವಗ ಏನ ಮಾಡೂಣಪಾ? ನೀನ ಹೇಳು," ಎಂದರು ಪಾದ್ರಿ ಸಾಹೇಬರು.

ನಿಜವಲ್ಲವೇ? ಅಂಥವನಿಗೂ ಏನೂ ಇಲ್ಲವೆಂದರೆ ಅದು ಯಾವ ನ್ಯಾಯ? ಅಂಥ ಸೊಸೆಯಂದಿರ ಗಾಯಕ್ಕೆ ಪಟ್ಟಿ ಕಟ್ಟಿದ ರೂತಬಾಯಿ ಮೆಲ್ಲಗೆ ಅಂದರು: "ಅವಗ ಶಿಕ್ಷಾ ಆಗಬೇಕ್ರಿ. ಆದ್ರ ಯಾರಿಗೂ ಏನೂ ಮಾಡದ ನಮ್ಮಪ್ಪಗೂ ಅದ ಬೆಂಕೀನ ಏನ್ರಿ?"

ಪಾದ್ರಿ ಸಾಹೇಬರು ಉತ್ತರ ಕೊಡುವಷ್ಟರಲ್ಲಿ ಬಾಜು ಮನೆಯ ಭರಮಪ್ಪ ಕಾಕಾ ಬಂದರು. ಇವರ ಹಿಟ್ಟಿನ ಗಿರಣಿಯ ಸಪ್ಪಳಕ್ಕೆ ಪ್ರಾರ್ಥನೆ ಕೇಳಿಸುವುದಿಲ್ಲವೆಂದು ಪಾದ್ರಿ ಸಾಹೇಬರು ತಕರಾರು ಮಾಡಿದಂದಿನಿಂದ ಇಬ್ಬರಿಗೂ ಮಾತಿಲ್ಲ. ಆದರೆ ನಮ್ಮ ಕಡೆ ದಸರೆಯ ಸಂಜೆ ಬನ್ನಿ ಎಲೆ ಹಿಡಿದು ಬಂದವನ ಮುಂದೆ ಹಗೆ ನಿಲ್ಲುವುದಿಲ್ಲ. ಬೇಡ ಎನ್ನುವ ಪದ್ಧತಿಯೇ ಇಲ್ಲ.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ," ಎಂದರು ಕಾಕಾ.

ಪಾದ್ರಿ ಸಾಹೇಬರು ಎದ್ದು ನಿಂತು ಎರಡೂ ಕೈಯಲ್ಲಿ ತಗೊಂಡರು. "ನಿಮ್ಮ ಗಿರಣಿ ಸಪ್ಪಳ ಏನ ಕಡಿಮಿ ಆಗಿಲ್ಲ ಬಿಡ್ರಿ."

"ನಿಮ್ಮ ಗಂಟಲ ಎಲ್ಲಿ ಕಡಿಮಿ ಆಗೇತ್ರಿ?"

ಇಬ್ಬರೂ ನಕ್ಕರು. ಕಾಕಾ ನನಗೂ ರೂತಬಾಯಿಗೂ ಬನ್ನಿ ಕೊಟ್ಟು ಮುಂದಿನ ಮನೆಗೆ ನಡೆದರು. ರೂತಬಾಯಿ ಆ ಎಲೆ ನೋಡುತ್ತಲೇ ಕೇಳಿದರು:

"ಸಾಹೇಬ್ರ, ನಮ್ಮಪ್ಪನೂ ಮಾತು ಬಿಟ್ಟಿದ್ದ, ಅಷ್ಟ. ಅಲ್ಲಿ ದಸರಿ ಇಲ್ಲೇನ್ರಿ?"

ಗಿರಣಿ ಆಗಲೇ ಬಂದ್ ಆಗಿತ್ತು. ಓಣಿಯಲ್ಲಿ ಯಾರೋ ನಗುವುದು ಕೇಳುತ್ತಿತ್ತು. ಪಾದ್ರಿ ಸಾಹೇಬರು ಕನ್ನಡಕ ತೆಗೆದು, ಒರೆಸಿ, ಕೈಯಲ್ಲೇ ಹಿಡಿದುಕೊಂಡರು.

"ತೀರ್ಪು ಕೊಡಾಂವ ನಾ ಅಲ್ಲ, ಯವ್ವಾ," ಎಂದರು ಕೊನೆಗೆ. "ನಾ ಆಗಿದ್ರ..."

ಅಲ್ಲಿಗೇ ನಿಲ್ಲಿಸಿದರು. ರೂತಬಾಯಿ ತಲೆಯಾಡಿಸಿ, ಎಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದರು.

ನಾನು ಆ ಧರ್ಮದವನಲ್ಲ. ಶಾಸ್ತ್ರ ಓದಿದವನಂತೂ ಅಲ್ಲವೇ ಅಲ್ಲ. ಆದರೂ ಆ ಅರ್ಧ ಮಾತು ತಲೆಯಿಂದ ಇಳಿಯುತ್ತಿಲ್ಲ. ಕುಂದಗೋಳದ ಒಬ್ಬ ಪಾದ್ರಿಯ ಮನಸ್ಸೇ ಅಷ್ಟು ದೊಡ್ಡದಿದ್ದರೆ, ದೇವರದು ಅದಕ್ಕಿಂತ ಸಣ್ಣದಿದ್ದೀತೇ?