ಅತ್ತೆ ನುಂಗಿದ ಸೋಮವಾರದ ಗುಳಿಗೆ

ಹೋದ ವರ್ಷದ ಮಾತು. ನಾವು ವಿಜಯಪುರ ಕಡೆಯವರು, ನಾಸಿಕ್‌ನಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಮಾಡುತ್ತೇವೆ. ಓಝರ್ ರಸ್ತೆಯ ಸೈಟಿನ ತಗಡಿನ ಶೆಡ್ಡೇ ನಮ್ಮ ಮನೆ. ಯಜಮಾನರಿಗೆ ಟಿ.ಬಿ. ಬಂದಾಗ ದವಾಖಾನೆಯವರು ನನ್ನನ್ನೂ ಮಗಳು ಪೂಜಾಳನ್ನೂ ತಪಾಸಣೆ ಮಾಡಿದರು. ನಾನು ಪಾರಾದೆ. ಹನ್ನೆರಡು ವರ್ಷದ ಪೂಜಾಳಿಗೆ ರೋಗವಿಲ್ಲ, ಆದರೆ ರೋಗಾಣು ಒಳಗೆ ಮಲಗಿದೆ ಎಂದರು. ಅದು ಏಳುವ ಮೊದಲೇ ಕೊಲ್ಲಬೇಕೆಂದು ಪ್ರತಿ ಸೋಮವಾರ ನುಂಗುವ ಗುಳಿಗೆ ಕೊಟ್ಟರು. ಇದರಿಂದ ಉಚ್ಚೆ ಕೆಂಪಗಾಗುತ್ತದೆ, ಗಾಬರಿ ಬೇಡ ಎಂದೂ ಹೇಳಿದ್ದರು.

ಆಗ ಅತ್ತೆ ಇಲ್ಲೇ ಮಹಾರಾಷ್ಟ್ರದ ವೈಜಾಪುರದಲ್ಲಿ ನಾದಿನಿಯ ಮನೆಯಲ್ಲಿದ್ದರು. ಮಗನ ಸುದ್ದಿ ಕೇಳಿ ಓಡಿ ಬಂದರು. ಯಜಮಾನರು ಚೇತರಿಸಿಕೊಂಡ ಮೇಲೆ ನಾವಿಬ್ಬರೂ ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗಬೇಕಾಗಿ, ಮಗಳ ಗುಳಿಗೆಯನ್ನು ಅತ್ತೆಯ ಕೈಗೆ ಒಪ್ಪಿಸಿದೆ. ಅವರಿಗೂ ಕೆಮ್ಮಿತ್ತು. ತೋರಿಸೋಣ ಎಂದರೆ, "ಸಿಮೆಂಟಿನ ಧೂಳವಾ ಇದು" ಎಂದು ತಳ್ಳಿಹಾಕುತ್ತಿದ್ದರು.

ಒಂದು ಸಂಜೆ ನಾನು ಕೆಲಸ ಮುಗಿಸಿ ಬಂದಾಗ ಅತ್ತೆ ಬಂದು ಕೈ ಹಿಡಿದರು.

"ಶಾಂತಾ, ನಂದು ಮುಗೀತು ಬಿಡವಾ. ಉಚ್ಚ್ಯಾಗ ರಕ್ತ ಹೊಂಟೈತಿ."

"ಯಾವಾಗಿಂದರೀ?"

"ಸೋಮವಾರ ಬಂದ್ರ ಸಾಕು. ಅಂಜಿ ಹೇಳಿದ್ದಿಲ್ಲ."

ಸೋಮವಾರ! ಅದು ಪೂಜಾಳ ಗುಳಿಗೆಯ ದಿನ.

"ಅತ್ತಿ, ಪೂಜಾನ ಗುಳಿಗಿ ನೀವು ನುಂಗೀರೇನ್ರಿ?"

"ಹೂಂ ಮತ್ತ! ಏನೂ ಆಗದ ಕೂಸಿಗೆ ಅಷ್ಟು ಗುಳಿಗಿ ಯಾಕ? ಕೆಮ್ಮಾಕಿ ನಾ. ಹಸದೋರನ್ನ ಬಿಟ್ಟು ಹೊಟ್ಟಿ ತುಂಬಿದೋರಿಗೆ ಯಾರರ ಉಣಸ್ತಾರೇನ?"

ಮಗಳ ಕಡೆ ತಿರುಗಿದೆ. "ಮೀ ಕಾಯ್ ಕರೂ, ನಾ ಏನ್ ಮಾಡ್ಲಿ?" ಎಂದು ಅಳುತ್ತಾ ಮರಾಠಿಯಲ್ಲೇ ಶುರುಮಾಡಿದಳು. "ಆಜಿನೇ ತಗೊಂಡ್ಲು. ನಂಗ್ ಬೆಲ್ಲ ಕೊಟ್ಲು."

"ಮನಿ ಹಾಳ ಮಾಡಿದ್ರಲ್ರೀ ಅತ್ತಿ!" ಎಂದು ಕಿರುಚಿದೆ. ಅಕ್ಕಪಕ್ಕದ ಶೆಡ್ಡಿನವರೆಲ್ಲ ಹೊರಗೆ ಬಂದರು. ಅಜ್ಜಿ ಮೊಮ್ಮಗಳು ದಿನಾ ಒಂದೇ ಕೌದಿಯಲ್ಲಿ ಮಲಗುತ್ತಿದ್ದರು. ಕೆಮ್ಮು ಒಬ್ಬರದು, ಗುಳಿಗೆ ತಪ್ಪಿದ್ದು ಇನ್ನೊಬ್ಬಳಿಗೆ.

ಮರುದಿನ ದವಾಖಾನೆಯ ಡಾಕ್ಟರು ಕೇಳಿ ಹಣೆ ಒತ್ತಿಕೊಂಡರು. ಕೆಂಪು ಬಣ್ಣ ಗುಳಿಗೆಯದೇ, ರಕ್ತವಲ್ಲ ಎಂದರು. "ಆದರೆ ಇದು ಕೆಮ್ಮುವವರ ಔಷಧಿಯಲ್ಲ. ರೋಗಾಣು ಎದ್ದಿದ್ದರೆ ಇಷ್ಟಕ್ಕೆ ಸಾಯುವುದಿಲ್ಲ, ಮುಂದೆ ಔಷಧಿಗೇ ಬಗ್ಗದ ಹಾಗೆ ಗಟ್ಟಿಯಾಗಬಹುದು." ಅತ್ತೆಯ ಕಫ ತೆಗೆದುಕೊಂಡರು. ಅವರಿಗೂ ಪೂಜಾಳಿಗೂ ಎಕ್ಸ್‌ರೇ ಬರೆದರು.

ವರದಿ ಬರುವವರೆಗೆ ನಾನು ಅತ್ತೆಯ ಜೊತೆ ಮಾತಾಡಲಿಲ್ಲ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಶೆಡ್ಡಿನ ಹೊರಗೇ ಕೂತಿರುತ್ತಿದ್ದರು. ಪೂಜಾ ಹತ್ತಿರ ಹೋದರೆ, "ದೂರ ಸರಿಯೇ, ನನ್ನವ್ವಾ" ಎಂದು ಕೈಮುಗಿಯುತ್ತಿದ್ದರು. ಮಗಳು ಒಮ್ಮೆ ಸೀನಿದರೂ ನಾನು ಅವಳ ಮುಖ ನೋಡುತ್ತಿದ್ದೆ.

ಅತ್ತೆಗೆ ಟಿ.ಬಿ. ಇತ್ತು. ಪುಣ್ಯಕ್ಕೆ ಔಷಧಿಗೆ ಬಗ್ಗುವಂಥದ್ದೇ. ಪೂಜಾಳ ಎಕ್ಸ್‌ರೇ ಸ್ವಚ್ಛವಾಗಿತ್ತು. ಅವಳ ಗುಳಿಗೆ ಮೊದಲಿನಿಂದ ಶುರುವಾಯಿತು. ಈ ಸಲ ನಾನೇ ಎದುರು ನಿಂತು ನುಂಗಿಸಿದೆ.

ಈಗ ಇಬ್ಬರದೂ ಔಷಧಿ ಮುಗಿದಿದೆ. ಅತ್ತೆ ಮೊಮ್ಮಗಳ ತಲೆ ಬಾಚುತ್ತಾ ನಗುತ್ತಾರೆ, ನಾನೂ ನಗುತ್ತೇನೆ. ಕೆಟ್ಟ ಮನಸ್ಸಿನಿಂದ ಅವರು ಏನೂ ಮಾಡಿರಲಿಲ್ಲ, ನನಗೆ ಗೊತ್ತು. ಆದರೆ ಪೂಜಾಳ ಆ ಎಕ್ಸ್‌ರೇ ಬೇರೆ ಥರ ಬಂದಿದ್ದರೆ ನಾನು ಅವರನ್ನು ಕ್ಷಮಿಸುತ್ತಿದ್ದೆನೇ? ಇವತ್ತಿಗೂ ಗೊತ್ತಿಲ್ಲ.